ಎಣಿಕೆ ಸಿಸ್ಟರ್ ತನ್ನ ಕಾರಿನ ವಾಲ್ವ್ ಸೀಲ್ ಬದಲಿಸಿದ್ದು

ವಾಲ್ವ್ ಸೀಲ್ ಸವೆದ ಕಾರು ದಿನಕ್ಕೆ ಒಂದೇ ಸಲ ನಿಜ ಹೇಳುತ್ತದೆ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಮೊದಲ ಸಲ ಕೀ ತಿರುಗಿಸಿದಾಗ. ಸವೆದ ಸೀಲಿನ ಸಂದಿನಿಂದ ರಾತ್ರಿಯೆಲ್ಲ ತೊಟ್ಟಿಕ್ಕಿ ಎಂಜಿನ್ ಒಳಗೆ ಕೂತ ಎಣ್ಣೆ ಒಮ್ಮೆಗೇ ಉರಿದು ಸೈಲೆನ್ಸರ್‌ನಿಂದ ನೀಲಿ ಹೊಗೆ ಕಾರುತ್ತದೆ. ಎರಡು ನಿಮಿಷ ಬಿಟ್ಟರೆ ಹೊಗೆ ನಿಲ್ಲುತ್ತದೆ. ಆಮೇಲೆ ಸಂಜೆಯವರೆಗೂ ಅದು ಮರ್ಯಾದಸ್ಥ ಕಾರು. ಆದ್ದರಿಂದ ನೀವು ಹಳೆ ಕಾರು ನೋಡಲು ಹತ್ತು ಗಂಟೆಗೆ ಹೋದಾಗ ಬಾನೆಟ್ ಬೆಚ್ಚಗಿದ್ದರೆ, ನಿಮಗಿಂತ ಮೊದಲೇ ಯಾರೋ ಬಂದು ಆ ನಿಜವನ್ನು ಗಾಳಿಗೆ ಬಿಟ್ಟು ಮುಗಿಸಿದ್ದಾರೆ ಎಂದು ಅರ್ಥ. ಮಾರುವವರಿಗೆಲ್ಲ ಇದು ಗೊತ್ತು. ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಅದೇ ಕಾರನ್ನು ಮುಂದಿನವರ ತಲೆಗೆ ಕಟ್ಟುವ ದಿನ ಬಂದಾಗ ಮಾತ್ರ ಅವರಿಗೂ ಅದು ಹೇಗೋ ಗೊತ್ತಾಗಿಬಿಡುತ್ತದೆ.

ಎಣಿಕೆ ಸಿಸ್ಟರ್ ಎಂದು ನಮ್ಮ ಬೀದಿಯವರು ಕರೆಯುವ ಹೆಂಗಸಿಗೆ ಇಂಥ ಕಾರು ಗಂಟುಬಿದ್ದದ್ದು ಹೊರಗಿನವರಿಂದಲ್ಲ. ಅವಳ ಒಡಹುಟ್ಟಿದ ಅಕ್ಕನ ಗಂಡನಿಂದ.

ಸಿಸ್ಟರ್‌ಗೆ ವಯಸ್ಸು ನಲವತ್ತೈದರ ಆಸುಪಾಸು. ತಾಯಿಯೊಂದಿಗೆ ಎರಡು ಕೋಣೆಯ ಮನೆಯಲ್ಲಿದ್ದಾಳೆ. ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಹುಣ್ಣು ತೊಳೆದು ಬ್ಯಾಂಡೇಜು ಕಟ್ಟುವುದು ಅವಳ ಕೆಲಸ. ಹಿಂದೆ ದೊಡ್ಡ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರ್‌ನಲ್ಲಿ ಹದಿನಾಲ್ಕು ವರ್ಷ ಇದ್ದಳು. ಅಲ್ಲಿ ಒಂದು ಪದ್ಧತಿ ಇದೆ. ರೋಗಿಯ ಹೊಟ್ಟೆ ಹೊಲಿಯುವ ಮೊದಲು ಬಟ್ಟೆ ತುಂಡು, ಸೂಜಿ, ಇಕ್ಕಳ, ಎಲ್ಲವನ್ನೂ ಎಣಿಸಬೇಕು. ಒಳಗೆ ಹೋದಷ್ಟೇ ಹೊರಗೆ ಬಂದಿರಬೇಕು. ಎಣಿಸಿದವರು ಸಹಿ ಹಾಕಬೇಕು. ಒಂದು ದಿನ ಬಟ್ಟೆ ತುಂಡು ಒಂದು ಕಡಿಮೆ ಬಂತು. "ನೆಲದ ಮೇಲೆಲ್ಲೋ ಬಿದ್ದಿರತ್ತೆ, ಸಹಿ ಹಾಕಿ ಸಿಸ್ಟರ್, ಇನ್ನೂ ಮೂರು ಕೇಸಿದೆ" ಎಂದರು ದೊಡ್ಡ ಡಾಕ್ಟರು. ಇವಳು ಹಾಕಲಿಲ್ಲ. ಪಕ್ಕದಲ್ಲಿದ್ದವಳು ಹಾಕಿದಳು. ಹೊಟ್ಟೆ ಹೊಲಿದಾಯಿತು. ಮುಂದಿನ ವಾರ ಇವಳನ್ನು ಬಟ್ಟೆ ಒಗೆಯುವ ವಿಭಾಗದ ರಿಜಿಸ್ಟರ್ ಬರೆಯಲು ಕೂರಿಸಿದರು. ಒಂದು ತಿಂಗಳು ಬರೆದು ಕೆಲಸ ಬಿಟ್ಟಳು. ಆ ರೋಗಿಗೆ ಏನಾಯಿತು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಸಹಿ ಹಾಕಿದವಳು ಈಗ ಅಲ್ಲಿ ಹೆಡ್ ನರ್ಸು. ಎಣಿಕೆ ಸಿಸ್ಟರ್ ಎಂಬ ಹೆಸರು ಆಸ್ಪತ್ರೆಯವರು ಅಣಕಿಸಲು ಇಟ್ಟದ್ದು. ಬೀದಿಯವರು ಅದನ್ನೇ ಅಕ್ಕರೆಯಿಂದ ಕರೆದು ಕರೆದು ಅದರ ಮುಳ್ಳು ಮುರಿದಿದ್ದಾರೆ.

ಈಗ ಅವಳ ದಿನದ ಮೊದಲ ಮನೆ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರದ್ದು. ಅವರ ಬೆನ್ನಿನ ಕೆಳಗೆ ಮುಷ್ಟಿ ಹಿಡಿಸುವಷ್ಟು ಹುಣ್ಣು. ಬೆಳಿಗ್ಗೆ ಆರೂವರೆಗೆ ಅದನ್ನು ತೊಳೆದು ಹೊಸ ಬಟ್ಟೆ ಇಡಬೇಕು. ತಡವಾದರೆ ರಾತ್ರಿಯ ಬಟ್ಟೆ ಒಣಗಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಮೇಷ್ಟ್ರು ಚೀರುತ್ತಾರೆ. ಮೇಷ್ಟ್ರ ಮನೆ ಊರಿನ ಒಂದು ತುದಿ, ಸಿಸ್ಟರ್ ಮನೆ ಇನ್ನೊಂದು ತುದಿ, ಆ ಹೊತ್ತಿಗೆ ಬಸ್ಸಿಲ್ಲ. ಕಾರು ಕೊಂಡದ್ದು ಅದಕ್ಕೇ.

ಕೊಂಡ ಮರುದಿನ ಬೆಳಿಗ್ಗೆ ಕೀ ತಿರುಗಿಸಿದಳು. ಅಂಗಳ ತುಂಬ ನೀಲಿ ಹೊಗೆ. ಅಡುಗೆಮನೆಯಿಂದ ಅವಳಮ್ಮ ಕೆಮ್ಮುತ್ತಾ ಓಡಿಬಂದು, "ಏನೇ ಇದು, ಕಸಕ್ಕೆ ಬೆಂಕಿ ಹಾಕಿದ್ಯಾ?" ಎಂದರು.

ಭಾವನಿಗೆ ಫೋನ್ ಮಾಡಿದರೆ ಅವರದು ಒಂದೇ ಮಾತು: "ನಮ್ಮನೇಲಿದ್ದಾಗ ಒಂದು ಎಳೆ ಹೊಗೆ ಇರ್ಲಿಲ್ಲಮ್ಮ. ನೀನು ಓಡ್ಸೋ ರೀತಿ ಸರಿ ಇಲ್ಲ, ಅಷ್ಟೆ."

ಎಂಟು ತಿಂಗಳು ಅವಳು ಅದನ್ನು ನಂಬಿದಳು. ನನ್ನ ಸಿಟ್ಟು ಇಲ್ಲಿಂದಲೇ ಶುರು. ಕದ್ದವನು ಓಡಿಹೋದರೆ ಅವನಿಗೆ ಕನಿಷ್ಠ ಭಯವಾದರೂ ಇದೆ ಎನ್ನಬಹುದು. ಈ ಮನುಷ್ಯ ಮೋಸ ಮಾಡಿ, ಮೋಸಹೋದವಳ ಕೈಗೇ ತಪ್ಪನ್ನು ಒಪ್ಪಿಸಿ, ತನ್ನ ಕಾಗದ ಪೆನ್ನಿನ ಅಂಗಡಿಯಲ್ಲಿ ನೆಮ್ಮದಿಯಾಗಿ ಕೂತ. ಅವಳೋ ದಿನಾ ಬೆಳಿಗ್ಗೆ ಕ್ಲಚ್ಚನ್ನು ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತುತ್ತಾ, ತನ್ನ ಡ್ರೈವಿಂಗನ್ನು ತಾನೇ ಬೈದುಕೊಳ್ಳುತ್ತಾ ಓಡಾಡಿದಳು.

ಎಣ್ಣೆ ಇಳಿದು ಇಳಿದು ಸ್ಪಾರ್ಕ್ ಪ್ಲಗ್ಗುಗಳು ಮಸಿ ಹಿಡಿದವು. ಮಸಿ ಹಿಡಿದ ಪ್ಲಗ್ ಕಿಡಿ ಹಾರಿಸುವುದಿಲ್ಲ, ಕಾರು ಸ್ಟಾರ್ಟ್ ಆಗುವುದಿಲ್ಲ. ಹಾಗೆ ಎರಡು ಬೆಳಿಗ್ಗೆ ಅವಳು ಮೇಷ್ಟ್ರ ಮನೆ ಮುಟ್ಟಿದಾಗ ಒಂಬತ್ತಾಗಿತ್ತು. ಕೆಲಸ ಕೊಡುವ ಕಚೇರಿಯವರು ಹೇಳಿಬಿಟ್ಟರು: ಇನ್ನೊಂದು ಸಲ ತಡವಾದರೆ ಬೆಳಗಿನ ಮನೆಗಳೆಲ್ಲ ಬೇರೆಯವರಿಗೆ. ಗ್ಯಾರೇಜಿನವನು ಬಾನೆಟ್ಟನ್ನು ಪೂರ್ತಿ ಎತ್ತದೆಯೇ, "ಎಂಜಿನ್ ಹೋಗಿದೆ ಮೇಡಂ, ಪೂರ್ತಿ ಇಳಿಸ್ಬೇಕು, ಒಂದು ತಿಂಗಳು ಬಿಡಿ" ಎಂದ. ಬಾಗಿಲು ತೆರೆಯದೆ ಮನೆಯೊಳಗೆ ಹೆಣ ಇದೆ ಎಂದು ಹೇಳುವ ಜಾತಿ.

ಬುಧವಾರ ಸಂಜೆ ಭಾವ ಮತ್ತು ಅಕ್ಕ ಬಂದರು. ಭಾವ ಚಹಾ ಕುಡಿಯುತ್ತಾ ಪರಿಹಾರ ಕೊಟ್ಟರು.

"ಒಬ್ಬರನ್ನ ಹಿಡಿದಿದ್ದೀನಿ. ಬೇಕರಿಯವರು. ಬ್ರೆಡ್ ಸಾಗ್ಸೋಕೆ ಗಾಡಿ ಬೇಕಂತೆ. ಭಾನುವಾರ ಹತ್ತು ಗಂಟೆಗೆ ಬರ್ತಾರೆ. ನೀನು ಬಾಯಿ ಬಿಡ್ಬೇಡ, ಮಾತೆಲ್ಲ ನಾನು ನೋಡ್ಕೋತೀನಿ."

"ಹೊಗೆ ಬರತ್ತೆ ಅಂತ ಅವರಿಗೆ ಹೇಳಿದ್ದೀರಾ ಭಾವ?"

"ಹತ್ತು ಗಂಟೆಗೆ ಎಲ್ಲಮ್ಮ ಹೊಗೆ? ಎಂಟಕ್ಕೆ ಒಂದು ಸಲ ಸ್ಟಾರ್ಟ್ ಮಾಡಿ ಬಿಟ್ರೆ ಮುಗೀತು. ಅವರು ಬರೋ ಹೊತ್ತಿಗೆ ಹಾಲು ಕುಡಿದ ಮಗು ಥರ ಇರತ್ತೆ."

ಸಿಸ್ಟರ್ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನಾನು ನೋಡೋಕೆ ಬಂದಿದ್ದೂ ಹತ್ತು ಗಂಟೆಗೇ. ಆವತ್ತೂ ಹಿಂಗೇ ಮಾಡಿದ್ರಾ?"

ಭಾವ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ನೋಡಮ್ಮ, ಆವತ್ತು ನಾನು ಏಳಕ್ಕೇ ಅಂಗಡಿಗೆ ಹೋಗಿದ್ದೆ. ಕೀ ಮುಟ್ಟಿಲ್ಲ. ಬೇಕಾದ್ರೆ ನನ್ನ ಮಕ್ಕಳ ಮೇಲೆ ಆಣೆ ಮಾಡ್ತೀನಿ, ಆವತ್ತು ಬೆಳಿಗ್ಗೆ ನಾನು ಆ ಕೀ ಮುಟ್ಟಿಲ್ಲ."

ಅಕ್ಕ ಚಹಾದ ಲೋಟದೊಳಗೆ ಏನೋ ಹುಡುಕುವವಳಂತೆ ನೋಡುತ್ತಿದ್ದಳು.

ಅವರು ಹೋದ ಮೇಲೆ ಅಮ್ಮ, "ಆಣೆನೇ ಮಾಡಿದ್ರಲ್ಲ, ಇನ್ನೇನು? ಮಾರಿ ಕೈ ತೊಳ್ಕೊ. ಅಕ್ಕನ ಸಂಸಾರ, ಕೆದಕ್ಬೇಡ" ಎಂದರು.

"ಬೇಕರಿಯವರಿಗೂ ಸಂಸಾರ ಇರತ್ತಲ್ಲಮ್ಮ."

"ಅವರು ಅದನ್ನ ಇನ್ನೊಬ್ಬರಿಗೆ ಮಾರ್ತಾರೆ ಬಿಡು."

ಎಪ್ಪತ್ತು ದಾಟಿದ, ಇರುವೆ ಸಾಲು ಕಂಡರೆ ಪಕ್ಕಕ್ಕೆ ಹೆಜ್ಜೆ ಇಡುವ ಹೆಂಗಸು ಹೇಳಿದ ಮಾತು ಇದು. ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲವಂತೆ. ನಮ್ಮೆಲ್ಲರ ಮನೆಯಲ್ಲೂ ಇಂಥ ಅಮ್ಮಂದಿರಿದ್ದಾರೆ, ನಾವು ಅವರ ಕಾಲಿಗೆ ಬೀಳುತ್ತೇವೆ.

ಈ ಮಾತುಗಳನ್ನೆಲ್ಲ ಗೋಡೆಯಾಚೆ ಇನ್ನೊಬ್ಬರು ಕೇಳಿಸಿಕೊಂಡಿದ್ದರು. ಪಕ್ಕದ ಮನೆಯ ಡಿಪೋ ತಾತ. ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವರು. ಈಗ ಎರಡೂ ಕೈ ನಡುಗುತ್ತವೆ. ಚಹಾ ಕುಡಿದರೆ ಅರ್ಧ ಅಂಗಿಗೆ.

"ಸಿಸ್ಟರಮ್ಮ, ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಮಾತ್ರ ತಾನೇ ಹೊಗೆ? ರೋಡಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಲ್ಲ ತಾನೇ?"

"ಇಲ್ಲ ತಾತ."

"ಹಾಗಿದ್ರೆ ಎಂಜಿನ್ ಹೋಗಿಲ್ಲ, ಗ್ಯಾರೇಜಿನೋನ ಮಾನ ಹೋಗಿದೆ. ಬರೀ ವಾಲ್ವ್ ಸೀಲು. ಬೆರಳಿನ ತುದಿಯಷ್ಟು ರಬ್ಬರ್ ಟೋಪಿ, ಎಂಟು. ಎಂಜಿನ್ ಇಳಿಸೋದೇ ಬೇಡ, ಇಲ್ಲೇ ಅಂಗಳದಲ್ಲಿ ಬದಲಾಯಿಸ್ಬಹುದು."

"ನೀವು ಮಾಡ್ಕೊಡ್ತೀರಾ?"

ತಾತ ಎರಡೂ ಕೈ ಎತ್ತಿ ತೋರಿಸಿದರು. ಗಾಳಿಗೆ ಸಿಕ್ಕ ಎಲೆಗಳ ಹಾಗೆ ಆಡುತ್ತಿದ್ದವು. "ಇದು ನಡುಗತ್ತೆ. ಬಾಯಿ ನಡುಗಲ್ಲ. ನಾನು ಬಾಯಲ್ಲಿ ಮಾಡ್ತೀನಿ, ನೀವು ಕೈಯಲ್ಲಿ ಮಾಡಿ. ಆದ್ರೆ ಒಂದು ಮಾತು. ಸೀಲ್ ಹಾಕಿದ್ಮೇಲೂ ಹೊಗೆ ಬಂದ್ರೆ ಪಿಸ್ಟನ್ ರಿಂಗೂ ಹೋಗಿದೆ ಅಂತ. ಆಗ ಈ ಗಾಡಿಗೆ ನಮಸ್ಕಾರ ಹಾಕಿ, ನಿಮ್ಮ ಬೆಳಗಿನ ಕೆಲಸಕ್ಕೂ ಹಾಕಿ."

ಭಾನುವಾರದವರೆಗಿನ ಮೂರು ದಿನದ ಬೆಳಗಿನ ಮನೆಗಳನ್ನು ಬೇರೆ ಸಿಸ್ಟರ್ ಒಬ್ಬಳಿಗೆ ಒಪ್ಪಿಸಿ ಶುಕ್ರವಾರ ಬೆಳಕು ಹರಿದಾಗ ಇವಳು ಕೆಲಸಕ್ಕೆ ಕೂತಳು.

ಅವಳು ಕೂತ ರೀತಿಗೇ ತಾತ ಬೆರಗಾದರು. ಹಳೆ ಹಾಸಿಗೆ ಹೊದಿಕೆಯನ್ನು ಕುದಿಸಿ ಒಣಗಿಸಿ ಎಂಜಿನ್ ಸುತ್ತ ಹಾಸಿದ್ದಳು. ಸ್ಟೀಲ್ ಟ್ರೇಗಳು ಮೂರು. ಕೈಗೆ ರಬ್ಬರ್ ಗ್ಲೌಸು. ಗೋಡೆಗೆ ಒಂದು ಹಾಳೆ ಅಂಟಿಸಿ ಪೆನ್ಸಿಲ್ ನೇತುಹಾಕಿದ್ದಳು. ಎಂಜಿನ್ ಮೇಲ್ಭಾಗದ ಟ್ಯಾಪೆಟ್ ಕವರ್ ಬಿಚ್ಚಿದಾಗ ಕಂಡ ತೂತುಗಳನ್ನೆಲ್ಲ, ಅಂದರೆ ಎಣ್ಣೆ ಕೆಳಗಿನ ತೊಟ್ಟಿಗೆ ವಾಪಸು ಇಳಿಯುವ ದಾರಿಗಳನ್ನು, ಬ್ಯಾಂಡೇಜು ಬಟ್ಟೆಯ ಉಂಡೆಗಳಿಂದ ಮುಚ್ಚಿದಳು. ಹಾಳೆಯ ಮೇಲೆ ಬರೆದಳು: ಬಟ್ಟೆ ಉಂಡೆ, ಆರು.

"ಇದೇನು ಸಿಸ್ಟರಮ್ಮ, ಹೆರಿಗೆ ಮಾಡಿಸ್ತಿದ್ದೀರಾ?"

"ನೀವು ಡಿಪೋದಲ್ಲಿ ಹೆಂಗೆ ಮಾಡ್ತಿದ್ರಿ?"

"ನಾವಾ? ಬೀಡಿ ಸೇದ್ತಾ."

ವಾಲ್ವ್ ಎಂದರೆ ಎಂಜಿನ್ ಉಸಿರಾಡುವ ಬಾಗಿಲು. ಉದ್ದನೆಯ ಕಡ್ಡಿ, ಅದರ ಸುತ್ತ ಬಲವಾದ ಸ್ಪ್ರಿಂಗು. ಸ್ಪ್ರಿಂಗ್ ಹಾರಿಹೋಗದಂತೆ ಕಡ್ಡಿಯ ತುದಿಯನ್ನು ಎರಡು ಪುಟ್ಟ ಕಬ್ಬಿಣದ ಅರ್ಧಚಂದ್ರಗಳು ಕಚ್ಚಿ ಹಿಡಿದಿರುತ್ತವೆ. ಅದಕ್ಕೆ ಲಾಕ್ ಎನ್ನುತ್ತಾರೆ. ಸ್ಪ್ರಿಂಗಿನ ಹೊಟ್ಟೆಯೊಳಗೆ, ಕಡ್ಡಿಯ ಬುಡದಲ್ಲಿ, ಸೀಲ್ ಕೂತಿರುತ್ತದೆ. ಲಾಕ್ ತೆಗೆದಾಗ ವಾಲ್ವ್ ಜಾರಿ ಎಂಜಿನ್ನಿನ ಒಳಗೆ ಬಿದ್ದರೆ ಕತೆ ಮುಗಿಯಿತು. ಅದಕ್ಕೆ ತಾತನ ಉಪಾಯ ಹಗ್ಗ. ಪ್ಲಗ್ ಬಿಚ್ಚಿದ ತೂತಿನಿಂದ ಹೊಸ ನೈಲಾನ್ ಹಗ್ಗವನ್ನು ಮೊಳದಷ್ಟು ಒಳಗೆ ತುಂಬಿ, ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸಿದರೆ, ಪಿಸ್ಟನ್ ಮೇಲೆದ್ದು ಹಗ್ಗವನ್ನು ಗಟ್ಟಿಯಾಗಿ ಒತ್ತುತ್ತದೆ. ಹಗ್ಗ ವಾಲ್ವನ್ನು ಕೆಳಗಿನಿಂದ ಹಿಡಿದುಕೊಳ್ಳುತ್ತದೆ.

"ಗಾಯಕ್ಕೆ ಬಟ್ಟೆ ತುಂಬೋ ಹಾಗೇ" ಎಂದಳು ಸಿಸ್ಟರ್.

"ಹಾಗೇ. ಒಂದೇ ವ್ಯತ್ಯಾಸ, ಇದು ಅಮ್ಮಾ ಅನ್ನಲ್ಲ."

ತಾತ ಡಿಪೋದಲ್ಲಿ ಬೆಸುಗೆ ಹಾಕಿ ಮಾಡಿಕೊಂಡಿದ್ದ ಸನ್ನೆಕೋಲಿನಿಂದ ಅವಳು ಸ್ಪ್ರಿಂಗ್ ಒತ್ತಿದಳು. ಗಾಯದ ಫೋರ್ಸೆಪ್ಸಿನಿಂದ ಲಾಕ್‌ಗಳನ್ನು ಎತ್ತಿದಳು. ಹಳೆ ಸೀಲ್ ಇಕ್ಕಳಕ್ಕೆ ಸಿಕ್ಕಾಗ ರಬ್ಬರಿನಂತೆ ಬಾಗಲಿಲ್ಲ, ಸುಟ್ಟ ತೊಗಟೆಯಂತೆ ಮುರಿಯಿತು. ಹೊಸದನ್ನು ಎಣ್ಣೆಯಲ್ಲಿ ಅದ್ದಿ, ಕಡ್ಡಿಯ ಚೂಪು ಅಂಚು ಅದರ ತುಟಿ ಕೊಯ್ಯದಂತೆ ಜ್ಯೂಸ್ ಕುಡಿಯುವ ಸ್ಟ್ರಾದ ತುಂಡೊಂದನ್ನು ಕಡ್ಡಿಗೆ ತೊಡಿಸಿ, ಮೇಲಿನಿಂದ ಇಳಿಸಿ, ಟಕ್ ಎನ್ನುವವರೆಗೆ ಒತ್ತಿದಳು. ಪ್ರತಿ ವಾಲ್ವ್ ಮುಗಿದ ಮೇಲೆ ಹಾಳೆಯ ಮೇಲೆ ಗೀಟು. ಲಾಕ್ ಎರಡು ಬಂತು, ಎರಡು ಹೋಯಿತು. ಸಂಜೆಯ ಹೊತ್ತಿಗೆ ನಾಲ್ಕು ವಾಲ್ವ್ ಮುಗಿದಿದ್ದವು.

ಶನಿವಾರ ಐದನೆಯದರಲ್ಲಿ ಸನ್ನೆಕೋಲು ಜಾರಿತು. ಟಿಣ್ ಎಂದಿತು. ಟ್ರೇಯಲ್ಲಿ ಒಂದೇ ಲಾಕ್.

"ಹೊರಗೆ ಹಾರ್ತು. ಅಗೋ, ಗಿಡದ ಕಡೆ" ಎಂದರು ತಾತ. "ನನ್ನ ಡಬ್ಬೀಲಿ ಹಳೇವು ಬೇಕಾದಷ್ಟಿವೆ. ಒಂದು ತೆಗ್ದು ಹಾಕಿ ಮುಂದಕ್ಕೆ ಹೋಗಿ."

"ಹಾರಿದ್ದು ನೋಡಿದ್ರಾ?"

"ಸದ್ದು ಕೇಳ್ತಲ್ಲ."

"ಸದ್ದಿಗೆಲ್ಲ ನಾನು ಸಹಿ ಹಾಕಲ್ಲ ತಾತ."

ಹುಡುಕಿದಳು. ಹೊದಿಕೆಯ ಒಂದೊಂದು ಮಡಿಕೆ ಬಿಡಿಸಿದಳು, ಗಿಡದ ಬುಡದ ಮಣ್ಣು ಜರಡಿ ಹಿಡಿದಳು. ಎರಡು ಗಂಟೆ ಹೋಯಿತು. ಅಮ್ಮ ಬಾಗಿಲಲ್ಲಿ ನಿಂತು, "ಒಂದು ಚೂರು ಕಬ್ಬಿಣಕ್ಕೆ ಇಷ್ಟಾ? ಇದಕ್ಕೇ ಕಣೆ ನಿನ್ನನ್ನ ಆಸ್ಪತ್ರೆಯಿಂದ ಓಡ್ಸಿದ್ದು" ಎಂದರು. ಸಿಸ್ಟರ್ ಎಂಜಿನ್ ಮೇಲೆ ಬಾಗಿ ಬಟ್ಟೆ ಉಂಡೆ ಎಣಿಸಿದಳು. ಐದು. ಮತ್ತೆ ಎಣಿಸಿದಳು. ಐದೇ. ಮೂಲೆಯ ಒಂದು ತೂತು ಬಾಯಿ ತೆರೆದುಕೊಂಡಿತ್ತು.

ಅವಳು ತಿರುಗಿದಾಗ ತಾತನ ಮುಖ ಬಿಳಿಚಿಕೊಂಡಿತ್ತು. ನಡುಗುವ ಕೈ ಅಂಗಿಯ ಜೇಬಿಗೆ ಹೋಯಿತು. ಎಣ್ಣೆಯಲ್ಲಿ ನೆನೆದ ಬಟ್ಟೆ ಉಂಡೆ ಹೊರಗೆ ಬಂತು.

"ನಾನೇ ತೆಗ್ದೆ. ಸನ್ನೆಕೋಲಿನ ಹಿಡಿ ಜಿಡ್ಡಾಗಿತ್ತು, ಒರೆಸೋಕೆ ಹತ್ತಿರ ಇದ್ದದ್ದು ಇದೇ. ಒರೆಸಿ ಜೇಬಿಗೆ ಹಾಕ್ಕೊಂಡೆ. ಆಗ್ಲೇ ನೆನಪಾಯ್ತು ಸಿಸ್ಟರಮ್ಮ, ನೀವು ಗಿಡದ ಹತ್ರ ಹುಡುಕ್ತಿದ್ದಾಗ. ಹೇಳೋಕೆ ನಾಚಿಕೆ ಆಯ್ತು. ಮೂವತ್ತೆರಡು ವರ್ಷದವನು."

ಎರಡು ಗಂಟೆ ಅವಳನ್ನು ಮಣ್ಣು ಜರಡಿ ಹಿಡಿಯಲು ಬಿಟ್ಟದ್ದು ತಪ್ಪು. ತಾತನ ಮೇಲೂ ನನಗೆ ಸಿಟ್ಟಿದೆ. ಆದರೆ ಕೇಳುವ ಮೊದಲೇ ಜೇಬಿನಿಂದ ತೆಗೆದು ಮುಂದೆ ಹಿಡಿದರಲ್ಲ, ಅಷ್ಟನ್ನು ಮಾಡಿದ ಎಷ್ಟು ಜನರನ್ನು ನಾನು ನೋಡಿದ್ದೇನೆ ಎಂದು ಎಣಿಸಲು ಹೋದರೆ ಒಂದು ಕೈಯ ಬೆರಳು ಸಾಕು.

ಸಿಸ್ಟರ್ ಬೈಯಲಿಲ್ಲ. "ತಂತಿಗೆ ಅಯಸ್ಕಾಂತ ಕಟ್ಟಿ ಕೊಡಿ" ಎಂದಳು. ತೆರೆದ ತೂತಿನಲ್ಲಿ ತಂತಿ ಇಳಿಸಿದಳು. ಮೂರನೆಯ ಸಲ ಇಳಿಸಿ ಎತ್ತಿದಾಗ ತುದಿಯಲ್ಲಿ ಲಾಕ್ ಅಂಟಿಕೊಂಡಿತ್ತು. ದಾರಿಯ ತಿರುವಿನಲ್ಲಿ ಕೂತಿತ್ತಂತೆ. ಎಂಜಿನ್ ಓಡಿದ ಮೇಲೆ ಅದು ಎಲ್ಲಿಗೆ ಹೋಗಿ ಏನನ್ನು ಕಡಿಯುತ್ತಿತ್ತೋ. ಹಾಳೆಯ ಮೇಲೆ ಗೀಟು ಹಾಕಿದಳು. ತಾತನಿಗೆ ಚಹಾ ತಂದುಕೊಟ್ಟು, ಚೆಲ್ಲದಂತೆ ಲೋಟವನ್ನು ತಾನೇ ಹಿಡಿದುಕೊಂಡು ಕುಡಿಸಿದಳು. ಉಳಿದ ಮೂರು ವಾಲ್ವ್, ವಾಲ್ವ್ ಒತ್ತುವ ಎಂಟು ಟ್ಯಾಪೆಟ್‌ಗಳ ಸಂದಿನ ಅಳತೆ, ನಾಲ್ಕು ಹೊಸ ಪ್ಲಗ್. ಎಲ್ಲ ಮುಗಿದು ಟ್ಯಾಪೆಟ್ ಕವರ್ ಮುಚ್ಚುವಾಗ ಸಂಜೆ ಆರು. ಎಂಟು ಹಳೆ ಸೀಲ್, ಹದಿನಾರು ಲಾಕ್, ಆರು ಉಂಡೆ. ಕೆಳಗೆ ಸಹಿ ಹಾಕಿದಳು. ಎಂಜಿನ್ ಹತ್ತು ನಿಮಿಷ ಓಡಿಸಿ, ಒಳಗುಳಿದ ಹಳೆ ಎಣ್ಣೆಯ ಹೊಗೆ ಹೋಗುವವರೆಗೆ ಕಾದು, ಆರಿಸಿದರು.

"ಇದು ಪರೀಕ್ಷೆ ಅಲ್ಲ. ಪರೀಕ್ಷೆ ಬೆಳಿಗ್ಗೆ" ಎಂದರು ತಾತ.

ಅವಳು ಬೇಕರಿಯವರಿಗೆ ಫೋನ್ ಮಾಡಿದಳು. "ಹತ್ತಕ್ಕೆ ಬೇಡ, ಏಳಕ್ಕೆ ಬನ್ನಿ. ಗಾಡಿ ನಾನು ಮಾರಲ್ಲ. ಆದ್ರೂ ಬನ್ನಿ, ನಿಮ್ಮ ತಲೆಗೆ ಏನು ಕಟ್ಟೋಕೆ ಹೊರಟಿದ್ವಿ ಅಂತ ನೀವು ನೋಡ್ಬೇಕು."

"ಬರ್ತೀನಿ ಸಿಸ್ಟರ್. ನಾನು ಮೂರಕ್ಕೇ ಎದ್ದಿರ್ತೀನಿ, ನಮ್ಮ ಹಿಟ್ಟಿಗೆ ಭಾನುವಾರ ಗೊತ್ತಾಗಲ್ಲ."

ಭಾನುವಾರ ಏಳಕ್ಕೆ ಅಂಗಳದಲ್ಲಿ ಮೂವರು. ಬೇಕರಿಯವರ ಮೊಣಕೈವರೆಗೂ ಹಿಟ್ಟು. ಸಿಸ್ಟರ್ ಟ್ರೇಯಲ್ಲಿದ್ದ ಎಂಟು ಮುರುಕು ಸೀಲ್ ತೋರಿಸಿ ಕತೆಯನ್ನೆಲ್ಲ ಹೇಳಿದಳು, ತನ್ನ ಭಾವನ ಹೆಸರನ್ನೂ ಬಿಡಲಿಲ್ಲ. ಆಮೇಲೆ ಕಾರಿನಲ್ಲಿ ಕೂತಳು. ತಾತ ಸೈಲೆನ್ಸರ್ ಹಿಂದೆ ಕುಕ್ಕರುಗಾಲಲ್ಲಿ ಕೂತರು, ಮಗುವಿನ ಬಾಯಿ ನೋಡುವ ಡಾಕ್ಟರರ ಹಾಗೆ. ನಾಳೆ ಆರೂವರೆಗೆ ಮೇಷ್ಟ್ರ ಮನೆಯಲ್ಲಿರುವುದೋ, ಕಚೇರಿಯವರ ಎದುರು ಕೈಕಟ್ಟಿ ನಿಲ್ಲುವುದೋ. ಎಲ್ಲ ಕೀಯ ಆ ಒಂದು ತಿರುವಿನಲ್ಲಿತ್ತು.

ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ತಾತ ಬಿಳಿ ಕರವಸ್ತ್ರವನ್ನು ಸೈಲೆನ್ಸರ್ ಬಾಯಿಗೆ ಹಿಡಿದರು, ತೆಗೆದು ನೋಡಿದರು, ಎತ್ತಿ ತೋರಿಸಿದರು. ಬರೀ ನೀರಿನ ಹನಿ.

"ಈಗ ಮಾರ್ತೀರಾ ಸಿಸ್ಟರ್? ಈಗ ಬೇಕು ನಂಗೆ" ಎಂದರು ಬೇಕರಿಯವರು. ಮೂವರೂ ನಕ್ಕರು. ಅಮ್ಮ ಕಿಟಕಿಯಿಂದ ನೋಡುತ್ತಿದ್ದರು.

ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಗೇಟಿನ ಸದ್ದಾಯಿತು. ಅಕ್ಕ. ಒಬ್ಬಳೇ. ಚಪ್ಪಲಿ ಸದ್ದಾಗದಂತೆ ನಡೆದು ಬಂದವಳು ಅಂಗಳದಲ್ಲಿ ಜನ ಕಂಡು ಅಲ್ಲೇ ನಿಂತಳು. ಬಲಗೈ ಸೆರಗಿನೊಳಗೆ ಹೋಯಿತು.

"ಏನೇ ಪುಟ್ಟಿ, ಇಷ್ಟು ಬೇಗ ಎದ್ದಿದ್ದೀಯಾ?"

"ಕೈಯಲ್ಲೇನಕ್ಕ?"

"ಏನಿಲ್ಲ."

"ತೋರ್ಸು."

ಕಾರಿನ ಎರಡನೆಯ ಕೀ. ಮಾರುವಾಗ ಭಾವ 'ಕಳೆದುಹೋಗಿದೆ' ಎಂದಿದ್ದ ಕೀ.

"ಅವರು ಕೊಟ್ಟು ಕಳಿಸಿದ್ರು. ನೀನು ಸ್ಟಾರ್ಟ್ ಮಾಡಲ್ಲ ಅಂತ ಅವರಿಗೆ ಗೊತ್ತಿತ್ತು. ನಾನು ಬಂದು ಒಂದ್ಸಲ..." ಬೇಕರಿಯವರ ಹಿಟ್ಟು ಮೆತ್ತಿದ ಕೈ ನೋಡಿ ಅಕ್ಕ ಮಾತು ನುಂಗಿದಳು.

ಸಿಸ್ಟರ್‌ಗೆ ಆಗ ಹೊಳೆಯಿತು. ಭಾವನ ಆಣೆ ಸುಳ್ಳಲ್ಲ. ಅವರು ಕೀ ಮುಟ್ಟಿರಲಿಲ್ಲ.

"ಆವತ್ತೂ ನೀನೇನಾ ಅಕ್ಕ?"

"ಪುಟ್ಟಿ, ಎಲ್ಲರೆದುರಿಗೆ ಬೇಡ ಕಣೆ."

"ನೀನೇನಾ?"

"ಅವರಿಗೆ ಅಂಗಡಿ ಇತ್ತು. ನಾನು ಬರೀ ಸ್ಟಾರ್ಟ್ ಮಾಡಿ ಬಿಟ್ಟೆ. ಅಷ್ಟೇ."

"ಹೊಗೆ ನೋಡಿದ್ಯಾ?"

"ನೋಡ್ದೆ."

"ಆಮೇಲೆ ಹತ್ತು ಗಂಟೆಗೆ ನಾನು ಬಂದಾಗ ಬಾಗಿಲು ತೆಗೆದು, ಬಾ ಪುಟ್ಟಿ ಅಂದವಳೂ ನೀನೇ."

ಅಕ್ಕ ಹೌದೆಂದು ತಲೆ ಆಡಿಸಿದಳು.

ಮಕ್ಕಳ ಮೇಲೆ ಆಣೆ ಮಾಡಿ ಹೇಳಿದ ನಿಜವೊಂದು ಇಷ್ಟು ಹೊಲಸಾಗಿರಲು ಸಾಧ್ಯವೇ? ಸಾಧ್ಯ. ಕೈ ಕೊಳೆಯಾಗದಂತೆ ಹೆಂಡತಿಯ ಕೈ ಬಳಸಿ, ಆಮೇಲೆ ತನ್ನ ಕೈ ಚಾಚಿ ತೋರಿಸಿದ ಮನುಷ್ಯ. ಹೊಗೆ ಕಣ್ಣಾರೆ ಕಂಡು, ಅದು ಆರುವವರೆಗೆ ಕಾದು, ಕಿಟಕಿ ತೆರೆದು ವಾಸನೆ ಹೋಗಲು ಬಿಟ್ಟು, ತಂಗಿಗೆ ಕುರ್ಚಿ ಹಾಕಿದ ಹೆಂಗಸು. "ಬರೀ", "ಅಷ್ಟೇ". ಆಪರೇಷನ್ ಥಿಯೇಟರ್‌ನಲ್ಲಿ ಸಹಿ ಹಾಕಿದವಳೂ ಬರೀ ಸಹಿ ಹಾಕಿದ್ದು, ಅಷ್ಟೇ. ನನಗೆ ಭಾವನ ಮೇಲಿರುವುದಕ್ಕಿಂತ ಈ ಎರಡು ಪದಗಳ ಮೇಲೆ ಹೆಚ್ಚು ಹೇಸಿಗೆ. ಭಾವನಂಥವರು ಊರಿಗೊಬ್ಬರು ಇಬ್ಬರು. "ನಾನು ಬರೀ" ಎನ್ನುವವರು ಇಲ್ಲದಿದ್ದರೆ ಅವರ ಒಂದು ಕಾರೂ ಅಂಗಳ ದಾಟುವುದಿಲ್ಲ.

"ಈಗ ಏನ್ಮಾಡು ಅಂತೀಯ?" ಅಕ್ಕ ಅಳುತ್ತಿದ್ದಳು.

"ಭಾವನಿಗೆ ಫೋನ್ ಹಾಕು. ಇಲ್ಲೇ. ಆವತ್ತು ಬಿಸಿ ಮಾಡಿದ್ದು ನಾನು ಅಂತ ತಂಗಿಗೆ ಹೇಳಿದ್ದೀನಿ ಅನ್ನು. ಬೇರೆ ಏನೂ ಬೇಡ."

ಅಮ್ಮ ಒಳಗಿನಿಂದ, "ಬಿಡೇ ಪುಟ್ಟಿ, ಸಾಕು" ಎಂದರು. ಯಾರೂ ಅತ್ತ ತಿರುಗಲಿಲ್ಲ.

ಅಕ್ಕ ಫೋನ್ ಹಾಕಿದಳು. ಹೇಳಬೇಕಾದ್ದನ್ನು ಹೇಳಿದಳು, ಒಂದು ಪದ ಹೆಚ್ಚಿಲ್ಲ. ಆಚೆಯಿಂದ ಭಾವನ ದನಿ ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು: "ಹೇಳಿಬಿಟ್ಯಾ? ಬುದ್ಧಿ ಇದೆಯಾ ನಿಂಗೆ? ಈಗ ನಾನು ಆ ಮನೆಗೆ ಮುಖ ತೋರ್ಸೋದು ಹೆಂಗೆ?"

ಎಂಟು ತಿಂಗಳಲ್ಲಿ ಆ ಕಾರಿನ ಬಗ್ಗೆ ಅವರ ಬಾಯಿಂದ ಬಂದ ಮೊದಲ ಪ್ರಾಮಾಣಿಕ ಮಾತು. ಅದೂ ತಮ್ಮ ಮುಖದ ಬಗ್ಗೆ.

ಸಿಸ್ಟರ್ ಅಕ್ಕನ ಕೈಯಿಂದ ಕೀ ತೆಗೆದುಕೊಂಡಳು. ಅಕ್ಕ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು. ಸಿಸ್ಟರ್ ಗೇಟಿನವರೆಗೆ ಜೊತೆಗೆ ನಡೆದಳು. ಹತ್ತು ಗಂಟೆಗೆ ಭಾವ ಬರಲಿಲ್ಲ. ಇನ್ನೂ ಬಂದಿಲ್ಲ. ಸೋಮವಾರ ಆರೂವರೆಗೆ ಮೇಷ್ಟ್ರ ಬೆನ್ನಿನ ಬಟ್ಟೆ ಒಣಗುವ ಮೊದಲೇ ಬದಲಾಯಿತು. ಆಮೇಲೆ ಒಂದು ದಿನವೂ ತಡವಾಗಿಲ್ಲ.

ಭಾವ ಕೆಟ್ಟವರಲ್ಲ, ಹಬ್ಬ ಹುಣ್ಣಿಮೆಗೆ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತಾರೆ ಎಂದು ಬೀದಿಯಲ್ಲಿ ನಾಲ್ಕು ಜನ ನನಗೆ ಹೇಳಿದರು. ಅಕ್ಕ ಪಾಪದವಳು ಎಂದು ಏಳು ಜನ ಹೇಳಿದರು. ಮನೆಯ ಮಾತನ್ನು ಬೇಕರಿಯವನ ಎದುರು ಆಡಿದ್ದು ಸಿಸ್ಟರ್‌ದೇ ತಪ್ಪು ಎಂದವರನ್ನು ನಾನು ಲೆಕ್ಕ ಹಿಡಿಯಲಿಲ್ಲ. ಹೇಳಿದವರಲ್ಲಿ ಅರ್ಧದಷ್ಟು ಜನ ಯಾವತ್ತೋ ಏನನ್ನೋ ಮಾರಿದವರು.

ನೀವೂ ಮಾರಿದ್ದೀರಿ. ಕಾರು ಇರಬಹುದು, ಸ್ಕೂಟರ್ ಇರಬಹುದು, ತೇವ ಹಿಡಿದ ಗೋಡೆಗೆ ಬಣ್ಣ ಬಳಿದು ಬಾಡಿಗೆಗೆ ಕೊಟ್ಟ ಕೋಣೆ ಇರಬಹುದು. ನೀವೇ ಮಾರದಿದ್ದರೆ, ಮಾರುವವರಿಗೆ ಬಣ್ಣದ ಡಬ್ಬಿ ಎತ್ತಿಕೊಟ್ಟಿದ್ದೀರಿ. ಕೊಂಡವರು ಇವತ್ತಿಗೂ ತಮ್ಮದೇ ತಪ್ಪು ಎಂದುಕೊಂಡು ಓಡಾಡುತ್ತಿದ್ದಾರೆ. ಅವರ ನಂಬರ್ ನಿಮ್ಮ ಫೋನಿನಲ್ಲಿದೆ. ಈ ಪುಟ ಮಡಚಿ ಪಕ್ಕಕ್ಕಿಡುವ ಮೊದಲು ಅವರಿಗೆ ಫೋನ್ ಮಾಡಿ. ಏನನ್ನು ಮುಚ್ಚಿಟ್ಟಿರಿ ಎಂದು ಹೇಳಿ.